ದಡಕ್ಕೆ ಬಂದ ಮರಿ

ಮರಿಮನೆಯೊಳಗೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಕೆಮ್ಮು ಬಂದರೆ ನುಂಗಿಕೊಳ್ಳಬೇಕು, ಸೀನು ಬಂದರೆ ಹೊರಗೆ ಓಡಬೇಕು, ನಗು ಬಂದರಂತೂ ದೇವರೇ ಗತಿ. ಒಳಗೆ ಹೋಗುವವರು ಕತ್ತಿನಿಂದ ಮೊಣಕಾಲಿನ ಕೆಳಗಿನವರೆಗೆ ಬೂದು ಬಣ್ಣದ ನಿಲುವಂಗಿ ತೊಟ್ಟು, ತಲೆಗೆ ಮುಸುಕು ಹಾಕಿ, ಮುಖದ ಮುಂದೆ ಜಾಲರಿ ಬಟ್ಟೆ ಇಳಿಬಿಟ್ಟುಕೊಂಡು, ಬಲಗೈಗೆ ಕ್ರೌಂಚ ಹಕ್ಕಿಯ ತಲೆಯ ಗೊಂಬೆ ಸಿಕ್ಕಿಸಿಕೊಳ್ಳಬೇಕು. ಬೆರಳು ಆಡಿಸಿದರೆ ಗೊಂಬೆಯ ಕೊಕ್ಕು ತೆರೆಯುತ್ತದೆ, ಮುಚ್ಚುತ್ತದೆ, ಕಾಳು ಹೆಕ್ಕುತ್ತದೆ. ಮೊಟ್ಟೆಯೊಡೆದ ಮರಿ ಮೊದಲು ಕಂಡವರನ್ನೇ ತನ್ನ ಕುಲದವರೆಂದು ನಂಬಿಬಿಡುತ್ತದೆ. ಮನುಷ್ಯರ ಮುಖ ಕಂಡರೆ ಮುಗಿಯಿತು, ದೊಡ್ಡದಾದ ಮೇಲೆ ಬಯಲಿಗೆ ಬಿಟ್ಟರೂ ಜೋಡಿ ಹುಡುಕಿಕೊಂಡು ಯಾರದೋ ಮನೆಯ ಹಿತ್ತಲಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಈ ವೇಷ.

ಈ ವೇಷದ ಕೆಲಸದಲ್ಲಿ ಅಕ್ಕನನ್ನು ಮೀರಿಸಿದವರಿರಲಿಲ್ಲ. ಕ್ರೌಂಚಗಳ ಈ ಕೇಂದ್ರ ಶುರುವಾದಾಗಿನಿಂದ ಅವಳು ಇಲ್ಲೇ ಇದ್ದವಳು. ಮುಸುಕಿನ ದಾರ ಬಿಗಿಯುವುದರಿಂದ ಹಿಡಿದು, ಮರಿಯ ಗಂಟಲಿಗೆ ಔಷಧ ಇಳಿಸುವವರೆಗೆ ಹೊಸಬರಿಗೆಲ್ಲ ಕಲಿಸಿದವಳು ಅವಳೇ. ಬಾಗಿಲ ಕಾವಲುಗಾರನಿಂದ ಮುಖ್ಯಸ್ಥೆ ಡಾಕ್ಟರಮ್ಮನವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅಕ್ಕ ಎಂದೇ. ಸಂಬಳದ ದಿನ ಅವಳ ನಿಜವಾದ ಹೆಸರು ಕರೆದರೆ ಅವಳೇ ಒಂದು ಕ್ಷಣ ಅತ್ತಿತ್ತ ನೋಡುತ್ತಿದ್ದಳು.

ಅಕ್ಕ ಎಂಬ ಆ ಹೆಸರಿಗೂ ಪಾಲು ಬಂತು. ಎರಡು ವರ್ಷದ ಹಿಂದೆ ಅಕ್ಕನ ಒಡಹುಟ್ಟಿದ ತಂಗಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಸೇರಿಸಿದವಳು ಅಕ್ಕನೇ, ತಮಾಷೆ ಇರುವುದೇ ಅಲ್ಲಿ. ತಂಗಿ ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿ ಮುಚ್ಚಿಹೋಗಿ ಅವಳು ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಬಂದು ಕೂತಿದ್ದಳು. ಪಾಪ, ನಮ್ಮ ಹುಡುಗಿ ಎಂದು ಅಕ್ಕ ಡಾಕ್ಟರಮ್ಮನ ಹತ್ತಿರ ಹೋಗಿ ಕೈ ಜೋಡಿಸಿ ಕೇಳಿದ್ದಳು. ತಿಂಗಳು ಕಳೆಯುವುದರೊಳಗೆ ಎಲ್ಲರ ಬಾಯಲ್ಲೂ ‘ಪುಟ್ಟಕ್ಕ’ ಶುರುವಾಯಿತು. ಅದನ್ನು ಕೇಳಿದಾಗಲೆಲ್ಲ ಯಾರೋ ತನ್ನ ತಟ್ಟೆಗೆ ಕೈ ಹಾಕಿ ಒಂದು ತುತ್ತು ಎತ್ತಿಕೊಂಡ ಹಾಗೆ ಅಕ್ಕನಿಗೆ ಆಗುತ್ತಿತ್ತು.

ಇನ್ನೊಂದು ವಿಷಯ. ಡಾಕ್ಟರಮ್ಮ ಅಕ್ಕನಿಗೆ ‘ನೀವು’ ಎನ್ನುತ್ತಿದ್ದರು, ತಂಗಿಗೆ ‘ನೀನು’. ಮರ್ಯಾದೆ ಅಕ್ಕನಿಗೆ, ಸಲಿಗೆ ತಂಗಿಗೆ. ಇಷ್ಟು ವರ್ಷ ಆ ‘ನೀವು’ ಕೇಳಿ ಎದೆಯುಬ್ಬಿಸಿದವಳಿಗೆ ಈಗ ಅದು ಬಾಗಿಲಾಚೆ ಹಾಕಿದ ಕುರ್ಚಿಯಂತೆ ಕಾಣತೊಡಗಿತು.

ಅಕ್ಕ ಕೆಟ್ಟವಳಲ್ಲ. ಆದರೆ ಹೊಟ್ಟೆಕಿಚ್ಚಿಗೆ ಒಳ್ಳೆಯವರ ಮನೆಯ ವಿಳಾಸವೂ ಗೊತ್ತಿರುತ್ತದೆ. ಚಿಕ್ಕವರಾಗಿದ್ದಾಗ ಅಕ್ಕನಿಗೆ ಬಿಗಿಯಾದ ಫ್ರಾಕುಗಳೆಲ್ಲ ತಂಗಿಗೆ ಹೋಗುತ್ತಿದ್ದವು. ಹಳೇ ಬಟ್ಟೆ ತೊಡುವ ತಂಗಿಯನ್ನು ಕಂಡು ಜನ ಅಯ್ಯೋ ಎನ್ನುತ್ತಿದ್ದರು. ಅಕ್ಕನನ್ನು ಕೇಳಿದವರು ಯಾರು? ತನ್ನ ಮೈಮೇಲೆ ಎಂದೂ ನೆಟ್ಟಗೆ ಕೂರದಿದ್ದ ಅದೇ ಫ್ರಾಕು ತಂಗಿಯ ಮೈಮೇಲೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತದ್ದನ್ನು ಅವಳು ಕಣ್ಣಾರೆ ನೋಡಬೇಕಾಗುತ್ತಿತ್ತು. ಕೊಡುವುದು ಕಷ್ಟವಲ್ಲ. ಕೊಟ್ಟದ್ದು ಅವರಿಗೇ ಹೆಚ್ಚು ಒಪ್ಪುತ್ತದೆಂದು ನೋಡುತ್ತ ನಿಲ್ಲುವುದು ಕಷ್ಟ.

ಈಗ ಹಕ್ಕಿಗಳ ವಿಚಾರ. ಈ ಜೌಗಿನ ಕ್ರೌಂಚಗಳು ಬೇರೆ ಕಡೆಯ ಕ್ರೌಂಚಗಳಿಗೆ ದಾಯಾದಿಗಳು, ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಒಂದು ಉಪಜಾತಿ. ದಾಯಾದಿಗಳು ಚಳಿ ಬಿತ್ತೆಂದರೆ ಗಂಟುಮೂಟೆ ಕಟ್ಟಿ ದೇಶ ದಾಟುತ್ತವೆ. ಇವು ಮಾತ್ರ ಸತ್ತರೂ ಹುಟ್ಟಿದ ಜೌಗು ಬಿಟ್ಟು ಕದಲುವುದಿಲ್ಲ. ಜೌಗೇ ಅವುಗಳನ್ನು ಬಿಟ್ಟು ಹೋಗತೊಡಗಿತ್ತು. ಕಾಲುವೆ ತೋಡಿ ನೀರು ಬಸಿದರು, ಒಣಗಿದ ನೆಲದಲ್ಲಿ ಪೊದೆ ಎದ್ದಿತು, ಪೊದೆ ಕಡಿದ ಕಡೆ ಮನೆಗಳು ಎದ್ದವು. ಉಳಿದ ಹಕ್ಕಿಗಳು ನೂರು ಎಂದರೆ ಹೆಚ್ಚು. ಹಾಗಾಗಿ ಕೇಂದ್ರದವರು ಒಂದು ಕಡೆ ಹಳೇ ಕಾಲುವೆಗಳನ್ನು ಮುಚ್ಚಿ ನೀರನ್ನು ವಾಪಸು ಕರೆಯುತ್ತಿದ್ದರು, ಇನ್ನೊಂದು ಕಡೆ ಮರಿಗಳನ್ನು ಬೆಳೆಸಿ ಬಿಡುತ್ತಿದ್ದರು. ಕಾಲುವೆ ಮುಚ್ಚುವ ತಂಡದಲ್ಲಿ ಟ್ರ್ಯಾಕ್ಟರು ಓಡಿಸುತ್ತಿದ್ದವನು ಅಕ್ಕನ ಗಂಡ. ಹೆಂಡತಿ ಮರಿ ಸಾಕಿ ಕೊಡುವುದು, ಗಂಡ ಮನೆ ಕಟ್ಟಿ ಕೊಡುವುದು ಎಂದು ಜನ ತಮಾಷೆ ಮಾಡುತ್ತಿದ್ದರು.

ಆ ವರ್ಷ ಐದು ಮರಿ. ಹೆಸರಿಡಬಾರದು, ಹೆಸರಿಟ್ಟರೆ ಮೋಹ ಬೆಳೆಯುತ್ತದೆ ಎಂಬ ನಿಯಮ. ಕಾಲಿನ ಬಳೆಯ ಬಣ್ಣದಿಂದಲೇ ಗುರುತು. ಕೆಂಪು, ನೀಲಿ, ಹಸಿರು, ಬಿಳಿ, ಹಳದಿ. ಮೋಹ ಬೆಳೆಯಬೇಕೆಂದರೆ ಬಣ್ಣವೂ ಸಾಕು. ಮೊಟ್ಟೆಯಿಂದ ಕೊನೆಯಲ್ಲಿ ಬಂದ ಹಳದಿ ಬಡಕಲು ಮರಿ, ಮೊದಲ ವಾರ ಬದುಕುವುದೇ ಅನುಮಾನವಿತ್ತು. ಅಕ್ಕ ತಾಸುಗಟ್ಟಲೆ ಕೂತು ಗೊಂಬೆಯ ಕೊಕ್ಕಿನಿಂದ ಒಂದೊಂದೇ ಹನಿ ನೀರು ಕುಡಿಸಿ ಅದನ್ನು ಉಳಿಸಿಕೊಂಡಿದ್ದಳು.

ಕಾಲು ಗಟ್ಟಿಯಾದ ಮೇಲೆ ಹಳದಿ ನಡೆದದ್ದು ತಂಗಿಯ ಹಿಂದೆ.

ಅದೊಂದೇ ಅಲ್ಲ, ಐದೂ. ವೇಷ ತೊಟ್ಟರೆ ಎಲ್ಲರೂ ಒಂದೇ, ಯಾರಿಗೂ ಮುಖವಿಲ್ಲ, ದನಿಯಿಲ್ಲ. ಹಕ್ಕಿಗೆ ಕಾಣುವುದು ನಡಿಗೆ ಮಾತ್ರ. ತಂಗಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಿದ್ದಳು, ತಲೆ ಓರೆ ಮಾಡಿ ಸುಮ್ಮನಿರುತ್ತಿದ್ದಳು, ಏನೋ ನೆನಪಾದವಳ ಹಾಗೆ ಮತ್ತೆ ಹೊರಡುತ್ತಿದ್ದಳು. ಯಾರೂ ಅವಳಿಗೆ ಹಾಗೆ ಕಲಿಸಿರಲಿಲ್ಲ. ಬಟ್ಟೆ ಅಂಗಡಿಯಲ್ಲೂ ಹಾಗೇ ನಡೆಯುತ್ತಿದ್ದಳು, ಅದಕ್ಕೇ ಮಾಲೀಕ ಬೈಯುತ್ತಿದ್ದ. ಅಕ್ಕನಿಗೋ ಮಂಡಿ ನೋವು, ಮೇಲೆ ಕೈತುಂಬ ಕೆಲಸ. ಅವಳು ಎಡಗಾಲಿನ ಮೇಲೆ ಭಾರ ಹಾಕಿ ದಡದಡ ಹೋಗಿಬಿಡುತ್ತಿದ್ದಳು. ಮರಿಗಳು ಸ್ವಲ್ಪ ದೂರ ಬಂದು, ನಿಂತು, ಈ ಹಕ್ಕಿಗೆ ಏನಾಗಿದೆ ಎನ್ನುವಂತೆ ನೋಡುತ್ತಿದ್ದವು.

ಬೇಸಿಗೆ ಮುಗಿಯುವ ಹೊತ್ತಿಗೆ ಮುಖ್ಯ ಪಾಠ ಬಂತು. ಕ್ರೌಂಚ ಮಲಗುವುದು ನೀರಿನಲ್ಲಿ, ಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು. ನರಿ ಬಂದರೆ ನೀರು ಸಪ್ಪಳ ಮಾಡಿ ಎಬ್ಬಿಸುತ್ತದೆ. ತಾಯಿ ಇದ್ದರೆ ತಾಯಿ ಕಲಿಸುತ್ತಾಳೆ. ಇಲ್ಲಿ ವೇಷದವರೇ ದಿನಾ ಸಂಜೆ ಮರಿಗಳನ್ನು ಹೊಂಡಕ್ಕೆ ಇಳಿಸಿ, ತಾವೂ ಜೊತೆಗೆ ನಿಂತು, ಬೆಳಕು ಮಾಸಿದ ಮೇಲೆ ಮೆಲ್ಲಗೆ ಜಾರಿಕೊಳ್ಳಬೇಕು. ಕೇಂದ್ರದಲ್ಲಿ ಇದಕ್ಕಿಂತ ದೊಡ್ಡ ಕೆಲಸವಿಲ್ಲ. ಪ್ರತಿ ವರ್ಷ ಅದನ್ನು ಮಾಡುತ್ತಿದ್ದವಳು ಅಕ್ಕ.

“ಈ ಸಲ ಸಂಜೆ ನಡಿಗೆ ಪುಟ್ಟಕ್ಕ ಮಾಡಲಿ,” ಎಂದರು ಡಾಕ್ಟರಮ್ಮ, ಚಹಾದ ಲೋಟ ಕೆಳಗಿಡುತ್ತ. “ನಿಮಗೂ ಮಂಡಿ ನೋವು ಅಂತಿದ್ರಿ. ಅಷ್ಟು ಹೊತ್ತು ನೀರಲ್ಲಿ ಯಾಕೆ ನಿಲ್ತೀರ?”

“ಒಳ್ಳೇದೇ ಆಯ್ತು ಬಿಡಿ ಡಾಕ್ಟರೇ,” ಎಂದಳು ಅಕ್ಕ. “ನಾನೇ ಹೇಳ್ಬೇಕು ಅಂತಿದ್ದೆ.”

ತಂಗಿ ಅಕ್ಕನ ಮುಖ ನೋಡಿದಳು. “ಬೇಡ ಡಾಕ್ಟರೇ, ಅಕ್ಕನೇ ಮಾಡ್ಲಿ. ನಂಗೆ ಅಷ್ಟು ಗೊತ್ತಾಗಲ್ಲ.”

“ಗೊತ್ತಾಗದೆ ಏನು, ಐದೂ ನಿನ್ನ ಸೆರಗು ಹಿಡ್ಕೊಂಡು ತಿರುಗ್ತಾವಲ್ಲ,” ಎಂದು ಡಾಕ್ಟರಮ್ಮ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ಹೋಗಿ ನೀರಿನ ಬಾನಿಗಳನ್ನೆಲ್ಲ ಇನ್ನೊಮ್ಮೆ ತಿಕ್ಕಿದಳು. ಬೆಳಿಗ್ಗೆಯಷ್ಟೇ ತಿಕ್ಕಿದ್ದ ಬಾನಿಗಳವು.

ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ಗಾಯಕ್ಕೆ ಉಪ್ಪು ಸವರಿದ. “ಇವತ್ತು ಏರಿ ಮೇಲಿಂದ ನೋಡಿದೆ ಕಣೆ, ನಿನ್ನ ತಂಗಿ ಮುಂದೆ, ಮರಿಗಳು ಹಿಂದೆ. ಯಾವುದು ಹಕ್ಕಿ ಯಾವುದು ಮನುಷ್ಯ ಅಂತಾನೇ ಗೊತ್ತಾಗಲಿಲ್ಲ. ಟ್ರ್ಯಾಕ್ಟರು ನಿಲ್ಲಿಸಿ ನೋಡ್ತಾ ಕೂತ್ಬಿಟ್ಟೆ.”

“ನಾನು ಇಷ್ಟು ವರ್ಷ ನಡೆದಾಗ ಟ್ರ್ಯಾಕ್ಟರು ನಿಲ್ಲಿಸಿದ್ದು ಕಾಣೆ,” ಎಂದಳು ಅಕ್ಕ.

“ನೀನು ಅಷ್ಟು ಬೇಗ ದಾಟಿ ಹೋಗ್ತಿದ್ದೆ, ನಿಲ್ಸೋಕೆ ಟೈಮೆಲ್ಲಿ?” ಎಂದು ಆ ಮಹಾನುಭಾವ ಇನ್ನಷ್ಟು ಬಡಿಸಿಕೊಂಡ. ತಂಗಿ ತಲೆಯೆತ್ತಲಿಲ್ಲ. ಅವಳು ಹಮ್ಮು ತೋರಿಸಿದ್ದರೆ ಅಕ್ಕನಿಗೆ ಎಷ್ಟೋ ವಾಸಿಯಾಗುತ್ತಿತ್ತು, ಜಗಳ ತೆಗೆದು ಹಗುರಾಗಬಹುದಿತ್ತು. ಹುಡುಗಿ ಎದ್ದು ಅಕ್ಕನ ತಟ್ಟೆಯನ್ನೂ ಸೇರಿಸಿ ತೊಳೆದಿಟ್ಟಳು.

ಮೊದಲ ಸಲ ಅಕ್ಕ ಹೊಂಡದ ಕಡೆ ಹೋದದ್ದು ನೋಡಿ ಬರಲು ಮಾತ್ರ. ಹಾಗೆಂದು ತನಗೇ ಹೇಳಿಕೊಂಡಳು. ಆ ಹೊತ್ತಿಗೆ ಮರಿಗಳಿಗೆ ರೆಕ್ಕೆ ಬಂದಿತ್ತು, ಬೇಲಿಯ ಆಚೆಯ ದೊಡ್ಡ ಹೊಂಡದಲ್ಲೇ ಮಲಗುತ್ತಿದ್ದವು. ತಂಗಿ ಜಾರಿಕೊಂಡು ಹೋದ ಮೇಲೆ ಅಕ್ಕ ವೇಷ ತೊಟ್ಟು ಜೊಂಡಿನ ಮಗ್ಗುಲಲ್ಲಿ, ದಡದ ಮೇಲೆ ನಿಂತಳು. ನೀರಿನೊಳಗೆ ಐದು ಉದ್ದ ಕತ್ತುಗಳು. ಒಂದೂ ಇತ್ತ ತಿರುಗಲಿಲ್ಲ. ಮರಿಗಳ ಮೇವಿಗೆಂದು ಕೇಂದ್ರದಲ್ಲಿ ತೌಡಿನ ಡಬ್ಬಿಯೊಳಗೆ ಸಾಕುವ ಹುಳುಗಳು ಅವಳ ಜೇಬಿನಲ್ಲಿದ್ದವು. ಮರಿಗಳಿಗೆ ಅದೆಂದರೆ ಪ್ರಾಣ. ನೋಡಿ ಬರಲು ಹೋದವಳ ಜೇಬಿಗೆ ಹುಳು ಎಲ್ಲಿಂದ ಬಂತು ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಗೊಂಬೆಯ ಕೊಕ್ಕಿನಲ್ಲಿ ಒಂದು ಹುಳು ಹಿಡಿದು ಮೇಲೆತ್ತಿದಳು. ಹಳದಿ ತಲೆ ಎತ್ತಿತು. ನೀರು ಸೀಳಿಕೊಂಡು ದಡಕ್ಕೆ ಬಂತು.

ಸಂಜೆಯಾದ ಮೇಲೆ ದಡದಲ್ಲಿ ಯಾರೂ ಆಹಾರ ಕೊಡಬಾರದು. ಈ ನಿಯಮವನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದವಳೇ ಅಕ್ಕ. ತಂಗಿಗೂ ಹೇಳಿದ್ದಳು, “ಬೇರೆ ಏನು ಮರೆತರೂ ಇದು ಮರೀಬೇಡ. ಕತ್ತಲಲ್ಲಿ ಒಣ ನೆಲ ಅಂದ್ರೆ ಅವಕ್ಕೆ ಭಯ ಇರ್ಬೇಕು, ಆಸೆ ಇರ್ಬಾರದು.” ಅಕ್ಕ ಆ ಮಾತನ್ನು ಮರೆತಿರಲಿಲ್ಲ. ಇವತ್ತೊಂದು ದಿನ ಎಂದುಕೊಂಡಳು. ಮರುದಿನವೂ ಅದನ್ನೇ ಅಂದುಕೊಂಡಳು. ಏರಿಯ ಕಡೆ ನರಿ ನೋಡಲೆಂದು ಇಟ್ಟ ಕ್ಯಾಮೆರಾ ಒಂದಿತ್ತು, ಅದು ತಾನೇ ಫೋಟೋ ತೆಗೆಯುತ್ತದೆಂದೂ ಅವಳಿಗೆ ಗೊತ್ತಿತ್ತು. ತೆಗೆದರೆ ತೆಗೆಯಲಿ, ಮುಸುಕಿನೊಳಗೆ ಯಾರಿದ್ದಾರೆಂದು ಅದಕ್ಕೇನು ಗೊತ್ತು?

ಉಳಿದ ನಾಲ್ಕು ಬರಲೇ ಇಲ್ಲ, ತಂಗಿ ಕಲಿಸಿದ ಪಾಠಕ್ಕೆ ಅಂಟಿಕೊಂಡು ನೀರಿನಲ್ಲೇ ನಿಂತಿರುತ್ತಿದ್ದವು. ಹಳದಿ ಮಾತ್ರ ಬರುತ್ತಿತ್ತು. ಮೊದಮೊದಲು ಹುಳುವಿಗೆ. ಆಮೇಲೆ ಹುಳು ಮುಗಿದರೂ ಹೋಗುತ್ತಿರಲಿಲ್ಲ. ನಿಲುವಂಗಿಯ ತೋಳಿನ ಬಿಚ್ಚಿದ ದಾರವನ್ನು ಕೊಕ್ಕಿನಿಂದ ಎಳೆದು, ನೀವಿ, ಸರಿಪಡಿಸುತ್ತಿತ್ತು. ತಮ್ಮವರ ಗರಿಯನ್ನು ಕ್ರೌಂಚಗಳು ಹಾಗೆ ನೀವುತ್ತವೆ. ಜಾಲರಿಯ ಹಿಂದೆ ಅಕ್ಕನ ಕಣ್ಣು ತುಂಬಿ ಬರುತ್ತಿತ್ತು. ಅಳು ಬಂದರೂ ಸಪ್ಪಳ ಮಾಡುವ ಹಾಗಿಲ್ಲ. ಎಷ್ಟೋ ದಿನಗಳ ಮೇಲೆ ಅವಳು ಮನೆಯಲ್ಲಿ ತಾನಾಗಿ ಮಾತಾಡತೊಡಗಿದಳು. ಗಂಡನ ಹರಟೆಗೆ ನಕ್ಕಳು, ತಂಗಿಗೆ ಒಂದು ಜೊತೆ ಹೊಸ ಚಪ್ಪಲಿ ತಂದುಕೊಟ್ಟಳು. ಗೆದ್ದವರಿಗೆ ಧಾರಾಳವಾಗಿರುವುದು ಸುಲಭ.

ಮಳೆಗಾಲ ಮುಗಿಯುವ ಮೊದಲು ಕೊನೆಯ ದೊಡ್ಡ ಕಾಲುವೆ ಮುಚ್ಚಿತು. ಗಂಡ ಟ್ರ್ಯಾಕ್ಟರಿನಿಂದ ಇಳಿದು ಬರುವ ಹೊತ್ತಿಗೆ, ಎಷ್ಟೋ ವರ್ಷ ಬಿರುಕು ಬಿಟ್ಟಿದ್ದ ಬಯಲಿನ ಹುಲ್ಲಿನ ಬುಡಕ್ಕೆ ನೀರು ಬಂದು ನಿಂತಿತ್ತು. ಸಂಜೆ ಕಚೇರಿಯಲ್ಲಿ ಎಲ್ಲರಿಗೂ ಚಹಾ, ಬಿಸ್ಕತ್ತು, ಭಾಷಣ. ತಂಗಿ ಮರಿಗಳನ್ನು ನೀರಿಗೆ ಬಿಟ್ಟು ಓಡೋಡಿ ಬಂದಳು. ಅಕ್ಕನಿಗೆ ಹೊಂಡದ ಕಡೆ ಹೊರಡಲಾಗಲಿಲ್ಲ. ಬಾಗಿಲ ಹತ್ತಿರ ಹೋದಾಗಲೆಲ್ಲ ಯಾರೋ ಕೈ ಹಿಡಿದು ನಿಲ್ಲಿಸುತ್ತಿದ್ದರು. ಡಾಕ್ಟರಮ್ಮ ಕಾಲುವೆ ತಂಡವನ್ನು ಹೊಗಳಿದರು, ಪುಟ್ಟಕ್ಕನ ಸಂಜೆ ನಡಿಗೆಯನ್ನು ಹೊಗಳಿದರು. “ನಮ್ಮ ಅಕ್ಕನಂತೂ ಕೇಂದ್ರದ ಕಂಬ ಇದ್ದ ಹಾಗೆ,” ಎಂದೂ ಸೇರಿಸಿದರು. ಕಂಬದ ಹಿಂದೆ ಯಾರು ನಡೆಯುತ್ತಾರೆ ಎಂದುಕೊಂಡಳು ಅಕ್ಕ. ಅವಳಿಗೆ ಸಿಟ್ಟು ಬಂದಿರಲಿಲ್ಲ. ಹೊಂಡದ ದಡದಲ್ಲಿ ತನ್ನದೆನ್ನುವುದು ಒಂದಿದೆಯಲ್ಲ ಎಂದು ಒಳಗೊಳಗೇ ಬೆಚ್ಚಗಿದ್ದಳು. ನಾಳೆ ಎರಡು ಹುಳು ಹೆಚ್ಚಿಗೆ ಕೊಟ್ಟರಾಯಿತು.

ಬೆಳಿಗ್ಗೆ ನೀರಿನ ಮಟ್ಟ ನೋಡಲು ಹೋದ ಗಂಡ ಬೇಗ ವಾಪಸು ಬಂದ. ಮರಿಮನೆಯ ಹೊರಗೆ ನಿಂತು ಕೈಸನ್ನೆಯಿಂದ ಅಕ್ಕನನ್ನು ಕರೆದ. ಅವನ ಇನ್ನೊಂದು ಕೈಯಲ್ಲಿ ಕರವಸ್ತ್ರದ ಗಂಟಿತ್ತು.

“ನಾಲ್ಕೇ ಇವೆ,” ಎಂದ. “ಜೊಂಡಿನ ಹತ್ತಿರ, ದಡದ ಮೇಲೆ, ಬರೀ ಗರಿ. ನರಿ ಹೆಜ್ಜೆ ಇದೆ. ಅದು ದಡಕ್ಕೆ ಯಾಕೆ ಬಂತು ಅಂತಾನೇ ಗೊತ್ತಾಗ್ತಿಲ್ಲ ಕಣೆ.”

ಅವನು ಗಂಟು ಬಿಚ್ಚುವ ಮೊದಲೇ ಅವಳಿಗೆ ಒಳಗಿನ ಬಳೆಯ ಬಣ್ಣ ಗೊತ್ತಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಏರಿಯ ಕ್ಯಾಮೆರಾ ತರಿಸಿದರು. ಅಕ್ಕ, ತಂಗಿ, ಅಕ್ಕನ ಗಂಡ ಮೂವರನ್ನೂ ತಮ್ಮ ಕೋಣೆಗೆ ಕರೆಸಿ ಕಂಪ್ಯೂಟರಿನ ಪರದೆ ಇತ್ತ ತಿರುಗಿಸಿದರು. ಒಂದರ ಹಿಂದೆ ಒಂದು ಸಂಜೆಯ ಫೋಟೋ. ಜೊಂಡಿನ ಮಗ್ಗುಲಲ್ಲಿ ಬೂದು ನಿಲುವಂಗಿ, ಚಾಚಿದ ಗೊಂಬೆ, ಗೊಂಬೆಯ ಮುಂದೆ ಹಳದಿ. ಕೊನೆಯ ಫೋಟೋದಲ್ಲಿ ನಿಲುವಂಗಿ ಇರಲಿಲ್ಲ. ಅದೇ ಜಾಗದಲ್ಲಿ ಹಳದಿ ಒಂದೇ ನಿಂತಿತ್ತು, ಕತ್ತು ಉದ್ದ ಮಾಡಿ ಕೇಂದ್ರದ ದಾರಿಯ ಕಡೆ ನೋಡುತ್ತಿತ್ತು.

“ಸಂಜೆ ಕೆಲಸ ನಿನ್ನದು,” ಎಂದರು ಡಾಕ್ಟರಮ್ಮ ತಂಗಿಗೆ. ದನಿ ಏರಿಸಲಿಲ್ಲ. “ಇದು ಯಾರು?”

ತಂಗಿ ಪರದೆಯನ್ನು ಬಹಳ ಹೊತ್ತು ನೋಡಿದಳು. ಬೂದು ನಿಲುವಂಗಿ ಪ್ರತಿ ಫೋಟೋದಲ್ಲೂ ಎಡಗಾಲಿನ ಮೇಲೆ ಭಾರ ಹಾಕಿ ನಿಂತಿತ್ತು. ನಡಿಗೆ ನೋಡಿ ಗುರುತು ಹಿಡಿಯುವುದು ಮರಿಗಳಿಗೆ ಮಾತ್ರ ಗೊತ್ತಿರುವ ವಿದ್ಯೆಯೇನಲ್ಲ, ಒಂದೇ ಮನೆಯಲ್ಲಿ ಬೆಳೆದವಳಿಗೆ ನಿಂತ ನಿಲುವೇ ಸಾಕು. ಅವಳು ಅಕ್ಕನ ಕಡೆ ತಿರುಗಲಿಲ್ಲ.

“ನಾನೇ ಡಾಕ್ಟರೇ,” ಎಂದಳು. “ತಪ್ಪಾಯ್ತು.”

ಅಕ್ಕನಿಗೆ ಮೊದಲು ಆದದ್ದು ಸಮಾಧಾನ. ಸುಳ್ಳು ಹೇಳಬಾರದು, ಅವಳಿಗೆ ಉಸಿರು ಸಲೀಸಾಯಿತು. ಕೆಲಸ ಉಳಿಯಿತು, ಇಷ್ಟು ವರ್ಷದ ಹೆಸರು ಉಳಿಯಿತು, ಗಂಡನೆದುರು ಮುಖ ಉಳಿಯಿತು. ಹುಡುಗಿ ಇನ್ನೂ ಚಿಕ್ಕವಳು, ಬೇರೆ ಎಲ್ಲಾದರೂ ಕೆಲಸ ಸಿಗುತ್ತದೆ. ಅವಳಿಗೆ ಆಮೇಲೆ ಏನಾದರೂ ಮಾಡಿದರಾಯಿತು ಎಂದು ಲೆಕ್ಕ ಹಾಕುವಷ್ಟು ದೂರ ಅಕ್ಕನ ಮನಸ್ಸು ಹೋಗಿಬಿಟ್ಟಿತ್ತು.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬೈಯುತ್ತಾರೆಂದು ಎಲ್ಲರೂ ಕಾದಿದ್ದರು. ಅವರ ದನಿ ಮಾತ್ರ ಮೆತ್ತಗಾಗಿತ್ತು. “ನಿನ್ನನ್ನ ಬೈದು ಏನು ಮಾಡ್ಲಿ? ಈ ಕೊನೇ ಫೋಟೋ ನೋಡು. ನಿನ್ನೆ ಎಲ್ಲರೂ ಇಲ್ಲಿ ಬಿಸ್ಕತ್ತು ತಿಂತಾ ಇದ್ದಾಗ ಅದು ಅಲ್ಲಿ ನಿನ್ನ ದಾರಿ ಕಾಯ್ತಾ ಇದೆ. ನಿನ್ನನ್ನ ಎಷ್ಟು ಹಚ್ಕೊಂಡಿತ್ತಮ್ಮ ಅದು.”

ತಂಗಿಯ ಕಣ್ಣಿಂದ ನೀರು ಇಳಿಯಿತು. ಅಕ್ಕನ ಗಂಡ ಅವಳ ತಲೆಯ ಮೇಲೆ ಕೈಯಿಟ್ಟ. ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಅವಳ ಹತ್ತಿರ ಬಂದರು. ಅಕ್ಕ ಬಾಗಿಲ ಪಕ್ಕದಲ್ಲಿ ನಿಂತು ನೋಡಿದಳು. ಹಳದಿ ಸತ್ತ ದುಃಖವೂ ತಂಗಿಯದೇ ಆಯಿತು. ಅದು ಕಾದ ಸಂಜೆಯೂ ಅವಳ ಪಾಲಾಯಿತು.

“ಅವಳನ್ನಲ್ಲ,” ಎಂದಳು ಅಕ್ಕ.

ಮೂವರೂ ತಿರುಗಿ ನೋಡಿದರು.

“ಅದು ಕಾಯ್ತಾ ಇದ್ದದ್ದು ಅವಳನ್ನಲ್ಲ, ನನ್ನನ್ನ. ಆ ಫೋಟೋದಲ್ಲಿರೋದು ನಾನು, ಎಲ್ಲದ್ರಲ್ಲೂ ನಾನೇ. ಇವಳು ಹೋದ್ಮೇಲೆ ದಿನಾ ನಾನು ಹೋಗ್ತಿದ್ದೆ. ಮೊದಲು ಹುಳುಗೆ ಬರ್ತಿತ್ತು, ಆಮೇಲೆ ಹುಳು ಇಲ್ದಿದ್ರೂ ನನ್ನ ಹತ್ರ ನಿಲ್ತಿತ್ತು. ನನ್ನ ತೋಳಿನ ದಾರ ನೀವ್ತಿತ್ತು. ಬೇರೆ ಯಾರಿಗಾದ್ರೂ ಹಂಗೆ ಮಾಡಿದೆಯಾ? ಕೇಳಿ ಇವಳನ್ನ.”

“ಅಕ್ಕ, ಸುಮ್ನಿರು,” ಎಂದಳು ತಂಗಿ.

“ನಾನ್ಯಾಕೆ ಸುಮ್ನಿರ್ಲಿ? ಎಲ್ಲ ನಿಂದೇ ಆಗ್ಬೇಕಾ? ನಾಲ್ಕು ನಿನ್ನವು, ನಾನು ಬೇಡ ಅನ್ನಲ್ಲ. ಇದೊಂದು ನಂದು.” ಅವಳ ದನಿ ಏರುತ್ತಿತ್ತು. ಅದರಲ್ಲಿ ಪಶ್ಚಾತ್ತಾಪವೇನೂ ಇರಲಿಲ್ಲ, ಬಹುಮಾನ ತನಗೆ ಸೇರಬೇಕೆಂದು ವಾದಿಸುವವರ ಹಟವಿತ್ತು. “ನೀನು ದಡದಲ್ಲಿ ನಿಂತು ಎಷ್ಟು ಕರೆದಿದ್ರೂ ಅದು ಬರ್ತಾನೇ ಇರ್ಲಿಲ್ಲ.”

“ಹೌದಕ್ಕ,” ಎಂದಳು ತಂಗಿ, ಮೂಗು ಒರೆಸಿಕೊಳ್ಳುತ್ತ. “ಬರ್ತಿರ್ಲಿಲ್ಲ. ನೀರಲ್ಲೇ ಇರ್ತಿತ್ತು.”

ತಂಗಿ ಅದನ್ನು ಚುಚ್ಚಲೆಂದು ಹೇಳಿರಲಿಲ್ಲ, ಅಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು. ಚುಚ್ಚಲು ಹೇಳಿದ್ದರೆ ತಿರುಗಿಸಿ ಒಂದು ಮಾತು ಆಡಬಹುದಿತ್ತು.